ಇಲಿ ಸೀನುವ ಹೊತ್ತು

ಕ್ಲೀವ್‌ಲ್ಯಾಂಡ್‌ನ ಫೆಬ್ರವರಿ. ಈರಿ ಸರೋವರ ಕಲ್ಲಾಗಿದೆ.
ಬೆಳಗಿನ ಐದೂ ನಲವತ್ತರ ಬಸ್ಸಿನಲ್ಲಿ ನಾನು,
ಚೀಲದಲ್ಲಿ ಬುತ್ತಿ, ಬದಲಿ ಪ್ಯಾಂಟು,
ಮಡಿಸಿಟ್ಟ ಎರಡು ಪ್ಯಾಡು.
ಬಸ್ಸು ಗುಂಡಿಗಿಳಿದಾಗಲೆಲ್ಲ ತೊಡೆ ಬಿಗಿಹಿಡಿಯುತ್ತೇನೆ
ಕಿಟಕಿಯಾಚೆ ಏನೋ ನೋಡುವವಳ ಹಾಗೆ.

ನೆಲಮಾಳಿಗೆಯಲ್ಲಿ ನಲವತ್ತೆಂಟು ಹೆಣ್ಣಿಲಿಗಳು.
ಒಂದೂ ಗಂಡಿನ ಮುಖ ಕಂಡಿಲ್ಲ, ಒಂದೂ ಹೆತ್ತಿಲ್ಲ.
ಆದರೂ ಬುಧವಾರ ಅವಕ್ಕೆ ಹೆರಿಗೆ:
ಅರಿವಳಿಕೆ ಕೊಟ್ಟು ಮಲಗಿಸಿ, ಒಳಗೊಂದು ಪುಟ್ಟ ಬಲೂನು,
ಬಲೂನಿನೊಳಗೆ ಮೂರು ಮಿಲಿಲೀಟರ್ ನೀರು,
ನಾಲ್ಕು ಗಂಟೆ.
ಮಗುವೇ ಇಲ್ಲದ ಮಗುವಿನ ತಲೆ.
ಆಮೇಲೆ ಡಾಕ್ಟರ್ ಟಿಯರ್ನಿ ಚಿಮಟ ಹಿಡಿದು
ನೂಲಿಗಿಂತ ತೆಳುವಾದ ಬಿಳಿ ಎಳೆಯೊಂದನ್ನು ಹುಡುಕಿ
ಹಿಸುಕುತ್ತಾರೆ, ಮೂವತ್ತು ಸೆಕೆಂಡು.
ಎಣಿಸುವ ಕೆಲಸ ನನ್ನದು.
ಕಣ್ಣಾಮುಚ್ಚಾಲೆಗೆ ಎಣಿಸುತ್ತಿದ್ದ ಭಾಷೆಯಲ್ಲೇ ಎಣಿಸುತ್ತೇನೆ,
ಸ್ಲೊವೇನಿಯನ್‌ನಲ್ಲಿ, ಬಾಯೊಳಗೇ.

ಆ ನರಕ್ಕೊಂದು ಲ್ಯಾಟಿನ್ ಹೆಸರಿದೆ.
ಕೆಲಸಕ್ಕೆ ಸೇರಿದ ವಾರ ಅರ್ಥ ಕೇಳಿದ್ದೆ.
"ನಾಚಬೇಕಾದದ್ದು" ಅಂದರು ಟಿಯರ್ನಿ, ಕತ್ತೆತ್ತದೆ.
ಯಾರು ಇಟ್ಟರೋ. ಕೊಯ್ದ ಹೆಣದ ಮುಂದೆ ನಿಂತ
ಯಾವನೋ ಗಡ್ಡದವನು.
ಕಣ್ಣಿನ ನರಕ್ಕೆ ಇಂಥ ಹೆಸರಿಲ್ಲ, ನಾಲಗೆಯದಕ್ಕೂ ಇಲ್ಲ
(ನಾಲಗೆ ಮಾಡುವ ಕೆಲಸಗಳನ್ನು ನೆನೆದರೆ ಇರಬೇಕಿತ್ತು).
ನಗುವಾಗ, ಕೆಮ್ಮುವಾಗ, ಮಗುವನ್ನು ಸೊಂಟಕ್ಕೆತ್ತಿಕೊಳ್ಳುವಾಗ
ಬಾಗಿಲು ಕಾಯುವ ಈ ಆಳಿಗೆ ಮಾತ್ರ.

ನಾಲ್ಕನೇ ದಿನ ಸೀನಿನ ಪರೀಕ್ಷೆ.
ಇಲಿಯ ಮೀಸೆಯದೇ ಒಂದು ಕೂದಲು ಕತ್ತರಿಸಿ
ಮೂಗಿನೊಳಗೆ ಆಡಿಸಬೇಕು. ಸೀನುತ್ತದೆ.
ಎಷ್ಟು ಸಣ್ಣ ಸದ್ದು! ಗೀರಿದ ಬೆಂಕಿಕಡ್ಡಿ ಹತ್ತದೇ ಹೋದ ಹಾಗೆ.
ಕೆಳಗೆ ಹಾಸಿದ ಕಾಗದದ ಮೇಲೆ
ಒಂದು ಹನಿ.
"ಆರೋಗ್ಯ" ಅನ್ನುತ್ತೇನೆ, ಸೀನಿದವರಿಗೆ ನಮ್ಮಲ್ಲಿ ಹಾಗೇ ಅನ್ನುವುದು,
ಪುಸ್ತಕದಲ್ಲಿ ಬರೆಯುತ್ತೇನೆ:
ನಂಬರು ಮೂವತ್ತೊಂದು. ಸೋರಿಕೆ: ಹೌದು.

ಹೌದು ಎಂದು ಬರೆಯುವುದು ಎಷ್ಟು ಸುಲಭ.

ನಮ್ಮಮ್ಮ ಆಂಟೋನಿಯಾ, ಐವರನ್ನು ಹೆತ್ತವಳು,
ಇಗರ್ಜಿಯ ಮೊದಲ ಸಾಲಿನಿಂದ ನಡುವಿನ ಸಾಲಿಗೆ,
ಅಲ್ಲಿಂದ ಬಾಗಿಲ ಪಕ್ಕದ ಕಡೆಯ ಬೆಂಚಿಗೆ ಸರಿದು
ಒಂದು ಭಾನುವಾರ ಹೋಗುವುದನ್ನೇ ಬಿಟ್ಟಳು.
ಪಾದ್ರಿಯ ಜೊತೆ ಜಗಳ, ಅಂದ ಅಪ್ಪ.
ದೇವರ ಮೇಲೇ ಮುನಿಸು, ಅಂದಳು ಅತ್ತೆ ಫ್ರಾಂಚಿಷ್ಕಾ.
ನನ್ನ ಮದುವೆಯ ದಿನ ಪೋಲ್ಕಾ ಕುಣಿಯಲು ಎಳೆದರೆ
ಕೈ ಕೊಡವಿ, ಗೋಡೆಗೆ ಬೆನ್ನು ಕೊಟ್ಟು ನಿಂತಳು.
ಇಪ್ಪತ್ತು ವರ್ಷ ಅದನ್ನು ಮನಸ್ಸಿನಲ್ಲಿಟ್ಟುಕೊಂಡೆ.
ಅವಳು ಹೋದ ಮೇಲೆ ಹಾಸಿಗೆ ಎತ್ತಿದರೆ
ರಬ್ಬರ್ ಹಾಳೆ. ಅದಕ್ಕೊಂದು ಬಟ್ಟೆಯ ಗವಸು,
ಗವಸಿನ ಅಂಚಿಗೆ ಕೆಂಪು ಕಾರ್ನೇಷನ್ ಕಸೂತಿ.
ಯಾರು ನೋಡಲೆಂದು ಹಾಕಿದಳೋ.

ಅರ್ಧದಷ್ಟು ಇಲಿಗಳಿಗೆ ಮದ್ದು, ಅರ್ಧಕ್ಕೆ ಬರೀ ಉಪ್ಪುನೀರು.
ಯಾವುದಕ್ಕೆ ಯಾವುದು ಎಂದು ನನಗೆ ಹೇಳುವುದಿಲ್ಲ.
ನರ ಬೆಳೆಯುತ್ತದೆ, ದಿನಕ್ಕೆ ಒಂದು ಮಿಲಿಮೀಟರ್,
ಕತ್ತಲಲ್ಲಿ ಗೋಡೆ ಸವರುತ್ತ ಮನೆ ಹುಡುಕುವವರಂತೆ.
ಮೂರನೇ ವಾರ ಮೂವತ್ತೊಂದು ಸೀನಿತು.
ಕಾಗದ ಒಣಗೇ ಇತ್ತು.
ಮತ್ತೊಮ್ಮೆ ಸೀನಿಸಿದೆ. ಒಣಗೇ ಇತ್ತು!
ಕುಣಿಯಬೇಕೆನಿಸಿತು; ಕುಣಿಯಲಿಲ್ಲ, ಗೊತ್ತಲ್ಲ.

ಅಂದು ಮಧ್ಯಾಹ್ನವೇ ಅದರ ಸರದಿ.
ವಾಸಿಯಾದ ನರವನ್ನು ಸೀಳಿ, ಬಣ್ಣ ಹಚ್ಚಿ,
ಗಾಜಿನ ಮೇಲೆ ಹರಡಿ ನೋಡಬೇಕು.
ಅಂಗೈಯಲ್ಲಿ ಬೆಚ್ಚಗಿತ್ತು. ಹೊಟ್ಟೆಗೆ ಹಾಕಿಕೋ, ಅಂದೆ,
ಬೇರೆ ಮಾತು ಹೊಳೆಯಲಿಲ್ಲ.

ಸಂಜೆ ಕೈ ತೊಳೆಯುತ್ತ ಟಿಯರ್ನಿ ಕೇಳಿದರು:
"ಒಂಬತ್ತು ವರ್ಷವಾಯಿತು, ಲುದ್ಮಿಲಾ,
ಇದೆಲ್ಲ ಯಾರಿಗಾಗಿ ಅಂತ ನೀವು ಒಮ್ಮೆಯೂ ಕೇಳಲಿಲ್ಲವಲ್ಲ."
ಹೇಳಲು ಬಾಯಿ ತೆರೆದೆ.
ಸೀನು ಬಂತು.
"ಆರೋಗ್ಯ" ಅಂದರು ಅವರು, ನನ್ನ ಭಾಷೆಯಲ್ಲೇ,
ಇಲಿಗಳಿಗೆ ಅನ್ನುವುದನ್ನು ಕೇಳಿ ಕಲಿತಿರಬೇಕು.
ನಾನು ಚೀಲ ಎತ್ತಿಕೊಂಡೆ.