ಓಳಂಬ

ಸಾವಂತ್ರಿಗೆ ಸಿಕ್ಕ ಬೂಟು ಒಂದು ನಂಬರ್ ದೊಡ್ಡವು.
ತುದಿಗೆ ಮರಾಠಿ ಪೇಪರ್ ತುರುಕಿ
ಝುವಾರಿನಗರದ ನಮ್ಮ ಓಣ್ಯಾಗ
ನಳದ ಮುಂದಿನ ಕೊಡಗಳ ಸಾಲಿನ ಎದುರಿಗೆ
ಬೆಳಕು ಹರಿಯೂ ಮೊದಲ ಸುರು ಮಾಡತಾಳ:
ಸಾವಧಾನ್. ವಿಶ್ರಾಮ್. ಸಾವಧಾನ್.
ತಗಡಿನ ಗ್ವಾಡಿ ನಡಗತಾವು.
ಬಾಜೂಮನಿ ಮುದುಕಿ ಒಳಗಿಂದನ ಕೇಳತಾಳ,
"ಯಾರ ಮ್ಯಾಲ ದಂಡೆತ್ತಿ ಹೊಂಟಿ ನಮ್ಮವ್ವಾ?"

ಒಂಬತ್ತನೇತ್ತೆ. ಎನ್‌ಸಿಸಿ ಅಂತ.
ಖಾಕಿ ತೊಳದು ಗಂಜಿ ಹಾಕೂದು ನನ್ನ ಪಾಲು,
ಬೆಲ್ಟಿನ ಹಿತ್ತಾಳಿಗೆ ಹುಣಸಿಹಣ್ಣು ತಮ್ಮನ ಪಾಲು.
ಅವರಪ್ಪ ಗೌಂಡಿ, ಅಕ್ಷರ ಬರೂದಿಲ್ಲ.
ಒಂದಿನ ಸುಮ್ಮನ ಎದ್ದು
ಚೀಲದಾಗಿನ ಓಳಂಬ ತಗದು
ಮಗಳ ಬೆನ್ನಿಗೆ ಇಳಿಬಿಟ್ಟ.
ತೂಗಿ ತೂಗಿ ಗುಂಡು ನಿಂತಿತು.
"ಎಡಗಡೆ ಭುಜ ಅರ್ಧ ಬೆರಳು ಇಳದೈತಿ," ಅಂದ,
"ಕೊಡ ಹೊತ್ತು ಹೊತ್ತು."
ಅವತ್ತಿಂದ ನೀರು ತಾನ ತರತಾನ.

ಇಲ್ಲಿ ನಮಗ ಘಾಟಿ ಅಂತಾರ.
ಬಸ್ಸಿನಾಗ, ಮೀನದ ಬಜಾರದಾಗ,
ಇಲೆಕ್ಷನ್ ಬಂತಂದ್ರ ಮೈಕಿನಾಗೂ:
ಹೊಳ್ಳಿ ಹೋಗ್ರಿ ನಿಮ್ಮ ಊರಿಗೆ.
ಅದಕ್ಕ ಕೇಳಿದೆ, "ಪೀಛೇ ಮುಡ್ ಅಂದ್ರೇನಬೇ,
ಹೊಳ್ಳಿ ಹೋಗು ಅಂತನ?"
"ಅಲ್ಲವ್ವಾ. ನಿಂತ ಜಾಗಾ ಬಿಡಬಾರದು.
ಹಿಮ್ಮಡದ ಮ್ಯಾಲ ತಿರುಗಿ ಕಾಲು ಕೂಡಿಸಬೇಕು.
ಇನ್ನೊಮ್ಮೆ ಅಂದ್ರ, ಮತ್ತ ಮೊದಲಿನ ದಿಕ್ಕು."
ಮಾಡಿ ತೋರಿಸಿದಳು, ಹತ್ತು ಸಲ.
ಅಲ್ಲಿ ಈಗ ಒಂದು ಸಣ್ಣ ಕುಣಿ ಐತಿ,
ಮಳಿ ಬಂದರ ನೀರು ನಿಲ್ಲತೈತಿ.

ಕ್ಯಾಂಪಿನ ಫಾರ್ಮಿನಾಗ
ಕಾಯಂ ವಿಳಾಸ ಅಂತ ಒಂದು ಖಾಲಿ ಮನಿ.
ಬಾದಾಮಿ ಕಡೆದು ಅಂದ್ರ ಅಲ್ಲಿ ಯಾರೂ ಉಳದಿಲ್ಲ,
ಇಲ್ಲಿದು ಅಂದ್ರ ನಂಬರೇ ಇಲ್ಲ.
"ನಾ ಕಟ್ಟಿದ ಮನಿ ನೂರಾರು ಅದಾವು ಈ ಊರಾಗ,
ಯಾವುದರ ನಂಬರ್ ಬೇಕಾದ್ರೂ ಬರಿ," ಅಂದ ಅವರಪ್ಪ.
ನಾವಿಬ್ಬರೂ ನಕ್ಕಿವಿ. ಅಕಿ ನಗಲಿಲ್ಲ.
ಎಣ್ಣಿ ಟಾಕಿ ಹಿಂದ, ಮೂರನೇ ನಳ, ಅಂತ ಬರದಳು.
ಎಸ್ಮೆರಾಲ್ಡಾ ಟೀಚರ್ ಓದಿ, ಕನ್ನಡಕ ಏರಿಸಿ,
ಕಾಟು ಹೊಡೀಲಾರದ ಸಹಿ ಮಾಡಿದರಂತ.

ಶನಿವಾರ.
ಸಾಲಿ ಮೈದಾನದ ಬಾಜೂಕ ನಮ್ಮ ಕೆಲಸ, ನಾಕನೇ ಮಾಳಿಗಿ.
ಬುಟ್ಟಿ ತಲಿ ಮ್ಯಾಲ ಇದ್ದಾಂಗ ಕೆಳಗ ನೋಡಿದೆ:
ಮೂವತ್ತು ಹುಡುಗೂರು, ನಮಗ ಘಾಟಿ ಅನ್ನೋರ ಮಕ್ಕಳೂ ಅದರಾಗ,
ಮುಂದ ಒಂದು ಕರಿ ಕಡ್ಡಿಯಂಥಾ ಹುಡುಗಿ.
ಮನ್ಯಾಗ ಉಪ್ಪು ಕೇಳೂ ದನಿ ಅದು ಅಲ್ಲ.
"ಥಮ್!"
ಅರವತ್ತು ಬೂಟು ಒಂದ ಸಪ್ಪಳಾ.
ಮ್ಯಾಲ, ಗಿಲಾಯಿ ಮಾಡೂ ಥಾಪಿನೂ ನಿಂತಿತು.
ಮುಕಾದಮ ಒದರೂ ತನಕ ನಿಂತ ಇತ್ತು.

ಸಂಜಿಕ ಅರ್ಧ ಸಮೋಸ, ಒಂದು ಬಾಳೆಹಣ್ಣು
ಟೊಪ್ಪಿಗಿಯಾಗ ಇಟಕೊಂಡು ಬಂದಳು, ತಮ್ಮಗ.
ಹಿಮ್ಮಡದ ಗುಳ್ಳಿ ಒಡದಿತ್ತು, ಎಣ್ಣಿ ಹಚ್ಚಿದೆ.
ಅಷ್ಟರಾಗ ನಿದ್ದಿ ಹತ್ತಿತ್ತು ಅಕಿಗೆ.
ಚಾಪಿ ಮ್ಯಾಲ ಕೈಕಾಲು ದಿಕ್ಕಾಪಾಲು,
ಹಿಮ್ಮಡ ಎರಡೂ ಮಾತ್ರ
ಕೂಡಿಕೊಂಡ ಇದ್ದವು.