ಗಿರ್ಮಿಟ್

ಹಲಸೂರು ಬಜಾರ ಬೀದಿಯಾಗ
ನನ್ನ ಬಂಡಿ ಮುಂದ ನಿಂತು ಬೋರ್ಡು ಓದಾಕ್ಹತ್ತಿದ್ಲು ಆಕಿ,
ಬಾಲವಾಡಿ ಕೂಸು ಓದಿದಂಗ.
ಕನ್ನಡ ಬರೂದಿಲ್ಲ; ಕೆಳಗ ಇಂಗ್ಲಿಷಿನ್ಯಾಗ
ನನ್ನ ಮೈದುನ ಬರಸ್ಯಾನಲ್ಲ, ಅದನ್ನ.
ಗಿರ್... ಮಿಟ್.
ಮತ್ತೊಮ್ಮೆ ಓದಿ ಬಾಯಿ ಮುಚಗೊಂಡ್ಲು.

ಹಸದಾಳ ಅಂದ್ಕೊಂಡೆ ನಾನು.
ಚುರಮುರಿಗೆ ಹುಣಸಿ ಗೊಜ್ಜು ಕಲಸಿ,
ಪುಟಾಣಿ ಹಿಟ್ಟು ಉದುರಿಸಿ, ಉಳ್ಳಾಗಡ್ಡಿ ಹೆಚ್ಚಿ,
ಮ್ಯಾಲ ಒಂದು ಮಿರ್ಚಿ ಇಟ್ಟು ಕೊಟ್ಟೆ.
ತಿನ್ನಲಿಲ್ಲ. ಕೈಯಾಗ ಹಿಡಕೊಂಡು ಅಳಾಕ್ಹತ್ತಿದ್ಲು.
ಖಾರ ಇನ್ನೂ ನಾಲಿಗಿಗೆ ಹತ್ತಿರಲೇ ಇಲ್ಲ.

ಆಟೋದ ಮುನಿವೆಂಕಟ,
ತಮಿಳು, ತೆಲುಗು, ಇಂಗ್ಲಿಷು ಎಲ್ಲಾ ಅರ್ಧರ್ಧ ಬಲ್ಲವ,
ನಡುವ ನಿಂತು ಹೇಳಿದ:
ರೋಸಲಿನ್ ಪಿಳ್ಳೆ ಅಂತ. ಆಫ್ರಿಕಾದ ಕೆಳತುದಿ, ನೆಟಾಲ್. ಕಬ್ಬಿನ ಸೀಮಿ.
ಈಕಿ ಮುತ್ತಜ್ಜಿ ಇಲ್ಲಿಂದ ಹೋದದ್ದು ಗಿರ್ಮಿಟಿನ ಮ್ಯಾಲ.
ಅಗ್ರಿಮೆಂಟು ಅನ್ನಾಕ ನಾಲಿಗಿ ತಿರುಗಲಿಲ್ಲ ಆ ಮಂದಿಗೆ,
ತಿರುಗಿದಷ್ಟು ಅಂದ್ರು.
ಐದು ವರ್ಷ. ಅಳತಿ ಅಕ್ಕಿ. ಗಂಡಸಿನ ಅರ್ಧ ಪಗಾರ.
ಜಡ್ಡಾಗಿ ಒಂದಿನ ಮಲಗಿದ್ರ
ಎರಡು ದಿನದ್ದು ಖೋತಾ.

ಬ್ಯಾಗಿನಿಂದ ಒಂದು ಕಾಗದ ತಗದ್ಲು, ಹಡಗದ ಪಟ್ಟಿ.
ನಂಬರು: ಎಪ್ಪತ್ತೆಂಟು ಸಾವಿರದ ಮುನ್ನೂರಾ ಹನ್ನೊಂದು.
ಹೆಸರು: ಪಿಳ್ಳಮ್ಮ. ವಯಸ್ಸು ಇಪ್ಪತ್ತೆರಡು.
ಗುರುತು: ಎಡಗೈ ಮೊಣಕೈಗೆ ಸುಟ್ಟ ಕಲಿ.
ಊರು: ಹಲಸೂರು.
ಕೂಡ ಎರಡು ವರ್ಷದ ಗಂಡುಕೂಸು;
ಅದರ ಹೆಸರಿನ ಮ್ಯಾಲ ಒಂದು ಗೀಟು.
ಗೀಟು ಯಾಕಂತ ಮುನಿವೆಂಕಟ ಕೇಳಲಿಲ್ಲ.
ನಾನೂ ಮಿರ್ಚಿ ಕಡೆ ತಿರುಗಿದೆ, ಎಣ್ಣಿ ಕಾದಿತ್ತು.

ಅಲ್ಲಿ ಇಳಿದ ಮ್ಯಾಲ ಬರಕೊಂಡ ದೊರಿ
ಕಡೀ ಅಕ್ಷರ ನುಂಗಿದ.
ಅಮ್ಮ ಹೋಗಿ ಪಿಳ್ಳೆ ಉಳೀತು,
ಮಕ್ಕಳಿಗೆ, ಮೊಮ್ಮಕ್ಕಳಿಗೆ, ಈಕಿಗೆ ಅದೇ ಅಡ್ಡಹೆಸರು.
ಯಾವುದೋ ದೊಡ್ಡ ಕುಲ ಅಂತ ತಿಳಕೊಂಡಿದ್ರಂತ ನೂರು ವರ್ಷ.
ಕುಲ ಅಲ್ಲವ್ವ, ಅದು ಒಬ್ಬ ಹೆಂಗಸು.

ಪ್ಲೇಗು ಬಂದ ವರ್ಷ ಅದು.
ಬಿಸಲು ಬೀಳಲಿ ಅಂತ ಮನಿ ಹಂಚು ಕಿತ್ತಿದ್ರು,
ಗಂಡ ಶೆಡ್ಡಿಗೆ ಹೋದವ ಬರಲಿಲ್ಲ,
ಬಾಗಿಲಿಗೆ ಯಾರೋ ಸುಣ್ಣದಾಗ ಒಂದು ಗುರುತು ಬರದಿದ್ರು.
ದಂಡಿನ ಸ್ಟೇಷನ್ನಿನ ಹುಣಸಿಮರದ ಕೆಳಗ
ಒಬ್ಬ ಮೇಸ್ತ್ರಿ ಎಲಿಅಡಿಕಿ ಕೊಟ್ಟು ಅಂದ್ನಂತ:
ಆ ದೇಶದಾಗ ಮೆಣಸಿನಗಿಡದ ಬುಡ ಕೆದರಿದ್ರ
ಬಂಗಾರ ಸಿಗತೈತಿ.

ನಂಬಿದ್ಲಾ? ಅಂತ ಕೇಳಿದೆ ನಾನು.
ಮುನಿವೆಂಕಟ ಅದನ್ನ ಇಂಗ್ಲಿಷು ಮಾಡಿದ.
ಆಕಿ ಮೂಗು ಒರಸಿಕೊಂಡು ನಕ್ಕಳು:
ನಂಬಿರಲಿಕ್ಕಿಲ್ಲ. ಹಂಚಿಲ್ಲದ ಮನಿಯಾಗ
ಎಷ್ಟು ದಿನ ಕೂಸಿನ ಜೋಡಿ ಕೂಡತಾಳ?

ನಾನೂ ನಂಬಿರಲಿಲ್ಲ ನಮ್ಮ ಮೇಸ್ತ್ರಿ ಮಾತು.
ಶೆಡ್ಡಿಗೆ ನೀರೈತಿ, ಲೈಟೈತಿ ಅಂದಿದ್ದ,
ಹೆಬ್ಬಟ್ಟು ಒತ್ತಿ ಮಾರತ್ತಹಳ್ಳಿಯಾಗ ಹದಿನಾಲ್ಕು ಮಾಳಿಗಿ ಕಲ್ಲು ಹೊತ್ತೆ.
ಅದಕ್ಕ ಇದಕ್ಕ ಹೋಲಿಸಬಾರದು.
ನನಗ ರಾತ್ರಿ ಹತ್ತಕ್ಕ ಹುಬ್ಬಳ್ಳಿ ಬಸ್ಸಿತ್ತು.

ಪಿಳ್ಳಮ್ಮನ ಮನಿ ಹುಡುಕಿದ್ವಿ, ಸಂಜಿತನಕ.
ಹೂವಿನ ಅಂಗಡಿ ಮುದುಕ ಅಂದ: ಯಾವ ಪಿಳ್ಳಮ್ಮ?
ನಮ್ಮತ್ತೆ ಪಿಳ್ಳಮ್ಮ, ಅವರತ್ತೆ ಪಿಳ್ಳಮ್ಮ,
ಹೋದ್ರೆ ಅಂತ ಯಾರು ಲೆಕ್ಕ ಇಟ್ಟವರೆ?
ಸೋಮೇಶ್ವರ ಗುಡಿ ಗೋಡಿ ಮುಟ್ಟಿ ನೋಡಿದ್ಲು ಆಕಿ,
ಆಗಲೂ ಇದು ಇತ್ತಲ್ಲ ಅಂತ.

ಹೊಳ್ಳಿ ಬಂದು, ಮೆತ್ತಗಾದ ಚುರಮುರಿ ಬಾಯಿಗೆ ಹಾಕಿದ್ಲು.
ಹೊಸದು ಮಾಡಿಕೊಡತೀನಿ ಅಂದ್ರ ಒಲ್ಲೆ ಅಂದ್ಲು.
ಹುಳಿ, ಖಾರ. ಆಮ್ಯಾಲ ನಾಲಿಗಿ ತುದೀಲೆ
ಏನೋ ಹುಡುಕಿ ನಿಂತ್ಲು.
ಇದರಾಗ ಸಿಹಿ ಏನಂತ ಕೇಳ್ಯಾಳ, ಅಂದ ಮುನಿವೆಂಕಟ.
ಬೆಲ್ಲ, ಅಂದೆ.
ಅಂವ ಅದಕ್ಕ ಇಂಗ್ಲಿಷು ಹುಡುಕಾಕ್ಹತ್ತಿದ.
ಬ್ಯಾಡ ಅಂತ ಕೈ ಮಾಡಿದ್ಲು ಆಕಿ.