ಬೆಕ್ಕಿಗೆ ಕೇಳುವಷ್ಟು

ಗಾಡಿಕೊಪ್ಪದ ತಿರುವಿನಲ್ಲಿ ನನ್ನದೊಂದು ಅಂಗಡಿ:
ಜೆರಾಕ್ಸು, ಲ್ಯಾಮಿನೇಷನ್ನು, ಪಹಣಿ ಪ್ರಿಂಟು,
ಬೋರ್ಡಿನಲ್ಲಿ ಬರೆಯದ ನೂರೆಂಟು ರಿಪೇರಿ.
ಬುಧವಾರ ಹನ್ನೊಂದಕ್ಕೆ, ಕರೆಂಟು ಬಂದ ಹೊತ್ತಿಗೆ ಸರಿಯಾಗಿ,
ಶೀನ ಖಾರ್ವಿ ಮೇಜಿನ ಮೇಲಿಟ್ಟ
ಒಂದು ಪೆನ್‌ಡ್ರೈವು, ಮೂತಿಗಂಟಿದ ಮೀನಿನ ಹುರುಪೆ ಎರಡು.

ಮಾತಾಡಲಿಲ್ಲ. ಗಂಟಲು ತೋರಿಸಿ ಕೈಯಾಡಿಸಿದ.
ಮೆಗ್ಗಾನಿನ ಡಾಕ್ಟರು ಚೀಟಿ ಬರೆದಿದ್ದಾರೆ:
ಮೂರು ತಿಂಗಳು ಕೂಗಕೂಡದು.
ಕೂಗದೆ ಮೀನು ಮಾರುವುದು ಹೇಗೆಂದು
ಬರೆದಿಲ್ಲ.

ಅದಕ್ಕೇ ಮಗಳು ರಕ್ಷಿತಾ
ಆಪರೇಷನ್ನಿನ ಹಿಂದಿನ ದಿನ ಗಾಡಿಯ ಪಕ್ಕ ನಿಂತು
ಹೊಸ ಫೋನಿನಲ್ಲಿ ಹಿಡಿದಿಟ್ಟಿದ್ದಾಳೆ
ಅಪ್ಪನ ಕೂಗು, ನಲವತ್ತೊಂದು ಸೆಕೆಂಡು.
ಫೋನಿನಲ್ಲಿ ಕೇಳುತ್ತದೆ. ಓಮ್ನಿಯ ತಲೆಮೇಲಿನ
ಬೂದು ಸ್ಪೀಕರಿಗೆ ಮಾತ್ರ ತಿಳಿಯದು,
ಕೆಂಪಕ್ಷರದಲ್ಲಿ ಒಂದೇ ಹಟ: ನೋ ಫೈಲ್, ನೋ ಫೈಲ್.
ಗಂಗೊಳ್ಳಿಯಿಂದ ರಾತ್ರಿಯಿಡೀ ಘಾಟಿ ಹತ್ತಿದ ಐಸು
ಅಷ್ಟರಲ್ಲಿ ಹಿಂಬಾಗಿಲಿಂದ ತೊಟ್ಟಿಕ್ಕುತ್ತಿತ್ತು.

"ಫೈಲಿದೆ ಶೀನಣ್ಣ, ಬಾಲ ಬೇರೆ" ಅಂದೆ.
"ಇದು ಎಂ-ಫೋರ್-ಎ. ನಿಮ್ಮ ಡಬ್ಬಕ್ಕೆ ಗೊತ್ತಿರುವುದು
ಎಂಪಿತ್ರೀ ಒಂದೇ."
ಮಗಳು ಬಾಲವನ್ನಷ್ಟೇ ತಿದ್ದಿ ನೋಡಿದ್ದಳಂತೆ.
ಬಂಗುಡೆಗೆ ಅಂಜಲೆಂದು ಹೆಸರಿಟ್ಟರೆ
ಗಿರಾಕಿ ನಂಬಬಹುದು, ಬಾಣಲೆ ನಂಬೀತೆ?

ಪರಿವರ್ತನೆ ಎಂಬುದು ದೊಡ್ಡ ಮಾತು.
ಗುಂಡಿ ಒತ್ತಿ, ಹಸಿರು ಪಟ್ಟಿ ತುಂಬುವ ತನಕ ಕಾಯುವುದು.
ಆದರೂ ಕಸುಬಿನ ಹೆಮ್ಮೆ ನೋಡಿ:
ಶುರುವಿನ ಗದ್ದಲ ಕತ್ತರಿಸಿದೆ,
ನಡುವಿನ ಕೆಮ್ಮು ತೆಗೆದೆ,
ಸಣ್ಣ ಡಬ್ಬಕ್ಕೆ ಸಾಕೆಂದು ಅರವತ್ನಾಲ್ಕಕ್ಕೆ ಇಳಿಸಿದೆ.
ಆ ಲೆಕ್ಕದ ನಿಯಮ ಇಷ್ಟೆ:
ಮನುಷ್ಯನ ಕಿವಿಗೆ ಹೇಗೂ ಕೇಳದ್ದನ್ನು
ತೂಕದಿಂದ ಕಳೆ.
ಮೀನು ಹಸನು ಮಾಡುವವನಿಗೆ ವಿವರಿಸಬೇಕಿಲ್ಲ.
ತಕ್ಕಡಿ ಕಂಡದ್ದೇ ಬೇರೆ,
ಕಿವಿರು ಕರುಳು ಹೋಗಿ ಕವರು ಸೇರುವುದೇ ಬೇರೆ.

ಸ್ಪೀಕರು ಒದರಿತು:
ಬಂಗ್ಡೇ... ಬೂತಾಯೀ... ಇವತ್ತಿಂದೇ ಸಿಗ್ಡೀ...
ಎದುರಂಗಡಿಯ ಟೈಲರು ಮಿಷನ್ನು ನಿಲ್ಲಿಸಿ ಎದ್ದುಬಂದ.
ಇಪ್ಪತ್ತು ಅಂದೆ. ಐವತ್ತು ಇಟ್ಟು
ಚಿಲ್ಲರೆಗೆ ಬೆನ್ನು ಹಾಕಿ ಹೋದ.

ಶುಕ್ರವಾರ ಮತ್ತೆ ಬಂದ.
ಈ ಸಲ ಪಿಸುಗುಟ್ಟಿದ, ಡಾಕ್ಟರಿಗೆ ತಿಳಿಯಬಾರದೆಂಬಂತೆ:
"ಜನ ಬತ್ರ್. ಬೆಕ್ಕ್ ಬತ್ತಿಲ್ಲೆ."

ಆಲ್ಕೊಳದ ಕೊನೇ ಕಂಪೌಂಡಿನ ಹಂಡಬಂಡ,
ಗೋಪಾಳದ ನೀರಿನ ಟ್ಯಾಂಕಿನ ಕೆಳಗಿನ ಒಕ್ಕಣ್ಣ,
ಕೂಗು ಕೇಳಿದ್ದೇ ರಸ್ತೆ ದಾಟಿ ಕಾಯುತ್ತಿದ್ದವು ಇಷ್ಟು ವರ್ಷ.
ಈಗ ಕಿವಿ ಒಂದಿಷ್ಟು ತಿರುಗಿಸಿ
ಯಾರೋ ಸೊಪ್ಪಿನವನೆಂದು ಮತ್ತೆ ಮಲಗುತ್ತವಂತೆ.
ಗಾಡಿ ಹತ್ತಿರ ಹೋದರೆ ವಾಸನೆಗೆ ಏಳುತ್ತವೆ, ನಿಜ.
ವಾಸನೆಗೆ ಬಂದದ್ದು ಬಂದದ್ದಲ್ಲ.

ನಾಚಿಕೆಯಾಯಿತು ನನಗೆ.
ನಮ್ಮ ಕಿವಿಯ ಗಡಿ ದಾಟಿದ ಮೇಲೂ
ಬೆಕ್ಕಿಗೆ ಇನ್ನೊಂದು ಊರಿನಷ್ಟು ಸದ್ದು.
ಅದನ್ನೇ ತೂಕದಲ್ಲಿ ಹೊಡೆದಿದ್ದೆನಲ್ಲ!
ಮುನ್ನೂರಿಪ್ಪತ್ತಕ್ಕೆ ಏರಿಸಿ ಕಳಿಸಿದೆ.
ಶನಿವಾರದ ಸುದ್ದಿ: ಬತ್ತಿಲ್ಲೆ.

ಮೂಲ ಫೈಲು ಅಳಿಸುವುದಿಲ್ಲ ನಾನು,
ನನಗಿರುವ ಒಳ್ಳೆಯ ಚಾಳಿ ಅದೊಂದೇ.
ಹೆಡ್‌ಫೋನು ಹಾಕಿ ಮೊದಲಿನಿಂದ ಕೇಳಿದೆ.
ಕೂಗಿಗೂ ಮುಂಚೆ, ನಾನು ಗದ್ದಲವೆಂದು ಕತ್ತರಿಸಿದಲ್ಲಿ,
ತಕ್ಕಡಿಯ ತಟ್ಟೆಗೆ ಚೂರಿಯ ಬೆನ್ನು:
ಟಿಣ್, ಟಿಣ್. ತಡೆದು, ಟಿಣ್.
"ಇದೆಂಥದು ಶೀನಣ್ಣ?"
ಚೂರಿಗಂಟಿದ್ದನ್ನು ಕೊಡವುವುದು, ಅಭ್ಯಾಸ, ಅಂದ.
ಕೊಡವಿದರೆ ಏನಾದರೂ ಬೀಳುತ್ತದಲ್ಲ,
ಬಿದ್ದದ್ದು ಯಾರ ಪಾಲೆಂದು
ಅವನೂ ಲೆಕ್ಕ ಇಟ್ಟಿರಲಿಲ್ಲ.

ಮೂರು ಸೆಕೆಂಡು ತಂದು ತಲೆಗೆ ಅಂಟಿಸಿದೆ.
ಕೆಮ್ಮನ್ನೂ, ಅವನು ಕೇಳದಿದ್ದರೂ, ಅದರ ಜಾಗಕ್ಕೆ.

ಸೋಮವಾರ ಫೋನು. ಆ ಕಡೆ ಮಾತಿಲ್ಲ, ಉಸಿರು.
ಹಿಂದೆಲ್ಲೋ ಸ್ಪೀಕರು ತನ್ನಷ್ಟಕ್ಕೆ ಕೂಗುತ್ತಿತ್ತು.
ಲೈನಿನ ಆ ಕೊರಕೊರದಲ್ಲೂ ಕಳೆಯದೆ
ಎರಡು ಗಂಟಲು, ಒಂದು ಗೊಗ್ಗರು, ಒಂದು ಕೀರಲು,
ವಾರದ ಬಾಕಿ ಕೇಳುತ್ತಿದ್ದವು.